ಭರಮುವಿನ ಡೋಣಿಯ ಹೆಪ್ಪು

ಅಕ್ಕೋಳದಲ್ಲಿ ಮಾಯಪ್ಪನ ಕೈ ಹೋಗದ ನೀರು ಎರಡೇ ಎರಡು. ಒಂದು ಆಕಾಶದಲ್ಲಿರುವ ಮಳೆ, ಇನ್ನೊಂದು ಭರಮುವಿನ ಹಿತ್ತಿಲ ದನದ ಡೋಣಿ. ಮಳೆ ಕೈಗೆ ಎಟುಕುತ್ತಿರಲಿಲ್ಲ, ಭರಮು ಮಾತಿಗೆ ಎಟುಕುತ್ತಿರಲಿಲ್ಲ.

ಇಪ್ಪತ್ತೊಂಬತ್ತು ವರ್ಷದಿಂದ ಮಾಯಪ್ಪ ಪಂಚಾಯತಿಯ ವಾಟರ್‌ಮನ್. ಬೆಳಗಾದರೆ ಊರ ನೀರಿನ ಟಾಕಿಯ ಏಣಿ ಹತ್ತಬೇಕು, ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಬೇಕು, ಮೇಲಿನ ತಿಳಿಯನ್ನು ಟಾಕಿಗೆ ಸುರಿಯಬೇಕು, ಇಳಿದು ಬಂದು ವಾಲ್ವ್ ತಿರುಗಿಸಬೇಕು. ಊರವರು ಅವನನ್ನು ಪೌಡರ್ ಮಾಯಪ್ಪ ಎಂದು ಕರೆಯುತ್ತಿದ್ದರು. ಅವನು ಅದನ್ನು ಬಿರುದು ಎಂದುಕೊಂಡಿದ್ದ. ನಿಪ್ಪಾಣಿ ಸೀಮೆಯ ಗಂಡಸರ ಕಿಸೆಯಲ್ಲಿ ತಂಬಾಕಿನ ಚಂಚಿ ಇದ್ದರೆ ಇವನ ಕಿಸೆಯಲ್ಲಿ ಪೌಡರಿನ ಪುಡಿಕೆ. ಯಾರದಾದರೂ ಮದುವೆಗೆ ಹೋದರೆ ಗಂಡುಹೆಣ್ಣನ್ನು ನೋಡುವ ಮೊದಲು ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ಮೂಸುತ್ತಿದ್ದ. ಅಕ್ಷತೆ ಹಾಕುವುದಕ್ಕಿಂತ ಮೊದಲೇ ಡ್ರಮ್ಮಿಗೆ ಒಂದು ಚಿಟಿಕೆ ಹಾಕಿ ಮುಗಿಸಿರುತ್ತಿದ್ದ.

ಭರಮು ಅವನ ಸೋದರಮಾವನ ಮಗ, ಅದೇ ಓಣಿಯವನು, ಎರಡು ಎಮ್ಮೆ ಕಟ್ಟಿದ್ದವನು. ಎಮ್ಮೆಗಳು ನೀರು ಕುಡಿಯುವ ಡೋಣಿಯನ್ನು ಅವನು ತನ್ನ ಬೋರಿನ ನೀರಿನಿಂದ ತುಂಬಿಸುತ್ತಿದ್ದ, ತೊಳೆಯುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ, ಭರಮು ಇಲ್ಲದ ಹೊತ್ತು ನೋಡಿ, ಮಾಯಪ್ಪ ಆ ಡೋಣಿಗೆ ಒಂದು ಹಿಡಿ ಪೌಡರ್ ಹಾಕಿದ. ಎಮ್ಮೆ ಎರಡು ದಿನ ನೀರು ಮುಟ್ಟಲಿಲ್ಲ, ಮೂರನೆಯ ದಿನ ಹಾಲು ಕೊಡಲಿಲ್ಲ. ಭರಮು ಕೇಳಲು ಬಂದಾಗ ಮಾಯಪ್ಪ ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳಿದ್ದು ಬೇರೆ.

"ನಿನ್ನ ಎಮ್ಮಿಗೆ ಬುದ್ಧಿ ಇಲ್ಲ. ಛಲೋ ನೀರಿನ ಕಿಮ್ಮತ್ತ ಅದಕ್ಕೇನ ತಿಳಿತೈತಿ?"

ಹಾಲು ಹೋದದ್ದನ್ನು ಭರಮು ಮರೆತ. ಎಮ್ಮೆಗೆ ಬುದ್ಧಿ ಇಲ್ಲ ಎಂದದ್ದನ್ನು ಮರೆಯಲಿಲ್ಲ. ಅಂದಿನಿಂದ ಮಾತು ಬಂದ್. ಆಮೇಲೆ ಆರೋಗ್ಯ ಇಲಾಖೆಯವರು ಸೊಳ್ಳೆಯ ಮರಿ ತಿನ್ನಲೆಂದು ಆ ಡೋಣಿಗೆ ಗಪ್ಪಿ ಮೀನು ಬಿಟ್ಟು ಹೋದರು. ಮೀನು ಮರಿ ಹಾಕಿ, ಮರಿ ಮರಿ ಹಾಕಿ, ಡೋಣಿಯ ತಳದಲ್ಲಿ ಪಾಚಿ ಬೆರಳುದ್ದ ಬೆಳೆದು, ಅದೊಂದು ಸುಖಿ ಸಂಸಾರವಾಗಿತ್ತು. ಮಾಯಪ್ಪ ಆ ಹಿತ್ತಿಲ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸುತ್ತಿದ್ದ, ಕೈ ಮಾತ್ರ ಕಿಸೆಗೆ ಹೋಗುತ್ತಿತ್ತು.

ಈ ವರ್ಷ ಬೇಸಿಗೆಯಲ್ಲಿ ಮಾಯಪ್ಪನ ಮಗ ವಿಕ್ರಾಂತನ ಮದುವೆಯಾಯಿತು. ಭರಮುವೂ ಬಂದಿದ್ದ. ಎರಡು ಸಲ ಬಡಿಸಿಕೊಂಡು ಉಂಡು, ಮಾತಾಡದೆ ಎದ್ದು ಹೋದ. ವಿಕ್ರಾಂತ ಬಸ್ ಕಂಡಕ್ಟರ್, ಮನೆಯಲ್ಲಿ ಕಾಣುವುದಕ್ಕಿಂತ ಬಸ್ಸಿನಲ್ಲಿ ಕಾಣುವುದೇ ಹೆಚ್ಚು. ಹಾಗಾಗಿ ಈ ಕಥೆಯಲ್ಲೂ ಅವನು ಹೆಚ್ಚು ಕಾಣುವುದಿಲ್ಲ. ಸೊಸೆ ಪ್ರಾಜಕ್ತಾ ಚಿಕ್ಕೋಡಿಯವಳು, ನಿಪ್ಪಾಣಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಅವಳಿಗೆ ಎರಡು ಗೋಲ್ಡ್‌ಫಿಶ್ ಇದ್ದವು, ಸೋನ್ಯಾ ಮತ್ತು ಮೋನ್ಯಾ. ಮೊದಲ ಪಗಾರದಲ್ಲಿ ತಂದು ನಾಲ್ಕು ವರ್ಷ ಸಾಕಿದವು. ಮದುವೆಯ ಗದ್ದಲದಲ್ಲಿ ಮಾಯಪ್ಪನ ಕಡೆಯ ದಢೂತಿ ಬೀಗರೊಬ್ಬರು ಆ ಮೀನಿನ ಗಾಜಿನ ತೊಟ್ಟಿಗೆ ಆರಾಮಾಗಿ ಒರಗಿ ಕೂತರು. ತೊಟ್ಟಿ ಒಡೆಯಿತು. ಅವತ್ತಿನಿಂದ ಸೋನ್ಯಾ ಮೋನ್ಯಾ ಇಬ್ಬರೂ ಪ್ರಾಜಕ್ತಾಳ ತಾಯಿ ಕಮಲಾಬಾಯಿಯ ಅಡುಗೆಯ ದೊಡ್ಡ ಜರ್ಮನ್ ಪಾತೇಲಿಯಲ್ಲಿದ್ದರು.

ಕಮಲಾಬಾಯಿ ನಾಲ್ಕು ಮನೆಯ ಕಾರ್ಯಕ್ಕೆ ಅಡುಗೆ ಮಾಡಿಕೊಡುವ ಹೆಂಗಸು. ಶ್ರಾವಣದಲ್ಲಿ ಊಟದ ಆರ್ಡರ್ ಶುರುವಾದರೆ ಪಾತೇಲಿ ಬೇಕೇ ಬೇಕು. ಅವಳು ಮಗಳಿಗೆ ಸ್ಪಷ್ಟವಾಗಿ ಹೇಳಿದ್ದಳು: ನಾಗರ ಪಂಚಮಿಗೆ ತವರಿಗೆ ಬಂದವಳು ಹೋಗುವಾಗ ಮೀನು ಒಯ್ಯಬೇಕು, ಇಲ್ಲದಿದ್ದರೆ ಅಂಗಡಿಯವನಿಗೆ ಕೊಟ್ಟುಬಿಡುತ್ತೇನೆ.

ಹೀಗಾಗಿ ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಪ್ರಾಜಕ್ತಾ ಹೊಸ ಗಾಜಿನ ತೊಟ್ಟಿ ತಂದು ಪಡಸಾಲೆಯಲ್ಲಿ ಟಿವಿಯ ಪಕ್ಕ ಇಟ್ಟಳು. ತಳಕ್ಕೆ ಉಸುಕು, ಮೂಲೆಗೆ ನೀರು ಸೋಸುವ ಸಣ್ಣ ಮೋಟಾರು. ನಳದ ನೀರನ್ನು ಒಂದು ಹಗಲು ಒಂದು ರಾತ್ರಿ ಬಕೆಟ್ಟಿನಲ್ಲಿ ತೆರೆದಿಟ್ಟು, ಪೌಡರಿನ ವಾಸನೆ ಹೋದ ಮೇಲೆ ತುಂಬಿದಳು. ಇಷ್ಟು ಕಷ್ಟಪಟ್ಟು ತಾನು ಹಾಕಿದ ಪೌಡರನ್ನು ಸೊಸೆ ಹಾಗೆ ಹಾರಿಹೋಗಲು ಬಿಟ್ಟದ್ದು ಮಾಯಪ್ಪನಿಗೆ ಅಲ್ಲಿಯೇ ಚುಚ್ಚಿತು.

"ಮೀನ ಎಲ್ಲಿ ಅದಾವ ಬೇ?" ಮಾಯಪ್ಪನ ಹೆಂಡತಿ ಅಕ್ಕುತಾಯಿ ಕೇಳಿದಳು.

"ಇನ್ನೂ ಒಂದ್ ತಿಂಗಳ ಮೀನ ಬಿಡೂದಿಲ್ರಿ ಅತ್ತಿ. ಮೊದಲ ನೀರಾಗ ಜಂತು ಬೆಳಿಬೇಕ್ರಿ."

ಮಾಯಪ್ಪನಿಗೆ ಚಹಾ ನೆತ್ತಿಗೆ ಹತ್ತಿತು.

ಪ್ರಾಜಕ್ತಾ ಇಬ್ಬರಿಗೂ ಸಮಾಧಾನದಿಂದ ತಿಳಿಸಿ ಹೇಳಿದಳು. "ಮೀನ ತಿಂದು ಹೊಲಸ ಮಾಡ್ತಾವಲ್ರಿ, ಅದು ನೀರಾಗ ಕರಗಿ ವಿಷ ಆಗ್ತೈತಿ. ಕಣ್ಣಿಗೆ ಕಾಣಲಾರದ ಒಂದ್ ನಮೂನಿ ಜಂತು ಆ ವಿಷ ತಿಂತಾವ. ಆದ್ರ ಅವು ಬಿಡೂದೂ ವಿಷಾನ. ಅದನ್ನ ತಿನ್ನಾಕ ಇನ್ನೊಂದ್ ನಮೂನಿ ಜಂತು ಬೇಕ್ರಿ. ಎರಡೂ ಬೆಳದ ಮ್ಯಾಲ ಮೀನ ಬಿಡಬೇಕು. ಅವಸರ ಮಾಡಿದ್ರ ತಮ್ಮ ಹೊಲಸಿನ್ಯಾಗ ತಾವ ಸಾಯ್ತಾವ್ರಿ."

ಅಕ್ಕುತಾಯಿ ಒಂದು ಗಳಿಗೆ ಯೋಚಿಸಿದಳು. "ಅಂದ್ರ ಹೆಪ್ಪ ಹಾಕಿದಂಗ."

"ಹೌದ್ರಿ ಅತ್ತಿ! ಅಗದಿ ಹಂಗ!"

"ಹಂಗಾರ ಅಲಗಾಡಿಸಬಾರದು," ಎಂದು ಅಕ್ಕುತಾಯಿ ಎದ್ದು ಹೋದಳು. ಅವಳ ಪಾಲಿಗೆ ಪಾಠ ಮುಗಿದಿತ್ತು.

ಮಾಯಪ್ಪನ ಪಾಲಿಗೆ ಮುಗಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ಊರ ತುಂಬ ಜಂತು ಕೊಂದವನ ಪಡಸಾಲೆಯಲ್ಲಿ ಜಂತು ಸಾಕಣೆ! ಆದರೆ ಹೊಸ ಸೊಸೆಯ ಮುಂದೆ ಹಿರಿಯ ಮನುಷ್ಯ ಬಾಯಿ ಬಿಡುವುದು ಹೇಗೆ? ಬಿಡಲಿಲ್ಲ. ಪ್ರಾಜಕ್ತಾ ದಿನಾ ಬೆಳಿಗ್ಗೆ ಖಾಲಿ ತೊಟ್ಟಿಗೆ ಒಂದು ಚಿಟಿಕೆ ಮೀನಿನ ತಿನಿಸು ಉದುರಿಸಿ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಮರೆತರೆ ಅಕ್ಕುತಾಯಿ ನೆನಪಿಸುತ್ತಿದ್ದಳು. ದೇವರಿಗೆ ಎಡೆ ಹಿಡಿದರೆ ದೇವರು ಬಂದು ಉಂಡದ್ದನ್ನು ಕಂಡವರಾರು, ಇದೂ ಹಾಗೆಯೇ ಎಂಬುದು ಅವಳ ಲೆಕ್ಕ.

ಓಣಿಯವರು ಮೀನು ನೋಡಲು ಬಂದರು. ನೀರು ನೋಡಿ ಹೋದರು. ಎದುರು ಮನೆಯ ಮಾಳಸಿದ್ದನಿಗೆ ಕಣ್ಣು ಮಂದವಾಗಿ ಎರಡು ವರ್ಷವಾಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ತೊಟ್ಟಿಯ ಮುಂದೆ ಅರ್ಧ ತಾಸು ಕೂತು, "ಭಾಳ ಚಂದ ಅದಾವ, ಭಾಳ ಚುರುಕ ಅದಾವ," ಎಂದು ಹೊಗಳಿ, ಚಹಾ ಕುಡಿದು ಹೋದ.

ಹತ್ತನೆಯ ದಿನ ನೀರು ಬೆಳ್ಳಗೆ ಮಬ್ಬಾಯಿತು. ಜಂತುಗಳು ಬೆಳೆಯುತ್ತಿರುವ ಗುರುತು ಅದು, ಎರಡು ದಿನದಲ್ಲಿ ತಾನೇ ಹೋಗುತ್ತದೆ ಎಂದು ಪ್ರಾಜಕ್ತಾ ಹೇಳಿದ್ದಳು. ಅವಳು ಬಸ್ಸಿಗೆ ಹೋದ ಮೇಲೆ ಮಾಳಸಿದ್ದ ಬಂದ. ಇಷ್ಟು ದಪ್ಪ ಬಿಳುಪು ಅವನಿಗೂ ಕಂಡಿತು.

"ಏನೋ ಮಾಯಪ್ಪಾ, ವಾಟರ್‌ಮನ್ ಮನ್ಯಾಗ ಮಜ್ಜಿಗಿ ನೀರೇನೋ!"

ಮಾಯಪ್ಪನ ಕಿವಿ ಕೆಂಪಾದವು. ಮಾಳಸಿದ್ದ ಹೋದ, ಅಕ್ಕುತಾಯಿ ಹಿಟ್ಟಿನ ಗಿರಣಿಗೆ ಹೋದಳು, ಮನೆಯಲ್ಲಿ ಉಳಿದದ್ದು ಮಾಯಪ್ಪ, ಮಬ್ಬು ನೀರು ಮತ್ತು ಕಿಸೆಯಲ್ಲಿನ ಪುಡಿಕೆ. ಉಗುರಿನಷ್ಟೇ ಹಾಕಿದ, ಅಷ್ಟೇ. ಮಧ್ಯಾಹ್ನಕ್ಕೆ ನೀರು ಹೊಳೆಯತೊಡಗಿತು. ಅದರ ಆಚೆಗಿನ ಗೋಡೆಯ ಕ್ಯಾಲೆಂಡರಿನ ತಾರೀಖು ಕೂಡ ಓದಲು ಬರುವಂತಾಯಿತು. ಮಾಯಪ್ಪ ಸೊಂಟಕ್ಕೆ ಕೈಯಿಟ್ಟು ನಿಂತು ಮನಸಾರೆ ನೋಡಿದ.

ಸಂಜೆ ಪ್ರಾಜಕ್ತಾ ಬಂದವಳೇ ತೊಟ್ಟಿಯ ಮೇಲೆ ಬಾಗಿ ನೀರು ನೋಡಿದಳು. ಆಮೇಲೆ ಮೂರು ಸಣ್ಣ ಗಾಜಿನ ನಳಿಗೆಗಳಲ್ಲಿ ನೀರು ಹಿಡಿದು ಔಷಧದ ಹನಿ ಹಾಕಿದಳು. ಮೊದಲ ನಳಿಗೆ ಮೊದಲ ವಿಷಕ್ಕೆ, ಎರಡನೆಯದು ಎರಡನೆಯ ವಿಷಕ್ಕೆ, ಮೂರನೆಯದು ಎರಡೂ ನಮೂನೆಯ ಜಂತುಗಳು ಉಂಡು ಮುಗಿಸಿದ ಮೇಲೆ ಉಳಿಯುವುದಕ್ಕೆ. ಮೂರರಲ್ಲೂ ಏನೂ ಇಲ್ಲ.

"ತಿನಿಸೂ ಇಲ್ಲ, ತಿನ್ನಾವೂ ಇಲ್ಲ," ಎಂದಳು. "ಮತ್ತ ಮೊದಲಿಂದ ಸುರು ಮಾಡಬೇಕ್ರಿ ಮಾಮಾ."

"ಅಯ್ಯ ಪಾಪ," ಎಂದು ಮಾಯಪ್ಪ ಮಾಳಿಗೆಯ ಜಂತಿ ಎಣಿಸತೊಡಗಿದ.

ಎರಡನೆಯ ಸಲ ಹಾಗಾಗಬಾರದೆಂದು ಅವನು ನಿಜವಾಗಿಯೂ ನಿಶ್ಚಯ ಮಾಡಿದ್ದ. ಆದರೆ ಆಷಾಢ ಬಂತು, ನದಿಗೆ ಕೆಂಪು ನೀರು ಬಂತು, ಪೌಡರಿನ ಸುಗ್ಗಿ ಅದು. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ ಮಾಡಿ ಬಂದ ಕೈಗೆ ಮನೆಯಲ್ಲಿ ಮತ್ತೆ ಮಬ್ಬು ನೀರು ಕಂಡರೆ ತಡೆಯುವುದು ಹೇಗೆ? ಬಲಗೈ ಕಿಸೆಗೆ ಹೋಯಿತು. ಎಡಗೈ ಬಂದು ಬಲಗೈಯನ್ನು ಹಿಡಿದುಕೊಂಡಿತು. ಸ್ವಲ್ಪ ಹೊತ್ತು ಎಳೆದಾಟ ನಡೆದು, ದಿನಾ ಏಣಿ ಹತ್ತಿ ಬಲಿತಿದ್ದ ಬಲಗೈಯೇ ಗೆದ್ದಿತು. ಈ ಸಲ ಉಗುರಿನ ಅರ್ಧದಷ್ಟು.

ಅವತ್ತು ಸಂಜೆ ಪ್ರಾಜಕ್ತಾ ನಳಿಗೆ ತೆಗೆಯಲೇ ಇಲ್ಲ. ತೊಟ್ಟಿಯ ಮೇಲೆ ಬಾಗಿ ಒಂದು ಸಲ ಉಸಿರು ಎಳೆದುಕೊಂಡು, ಮೋಟಾರು ಬಂದ್ ಮಾಡಿ ಒಳಗೆ ಹೋದಳು. ಹಿತ್ತಿಲ ಕಟ್ಟೆಯ ಮೇಲೆ ಕಾಲು ತೊಳೆಯುತ್ತಿದ್ದ ಮಾಯಪ್ಪನಿಗೆ ಅಡುಗೆ ಮನೆಯ ಕಿಟಕಿಯಿಂದ ಅವಳು ಫೋನಿನಲ್ಲಿ ತಾಯಿಯ ಕೂಡ ಆಡುವ ಮಾತು ಕೇಳಿಸಿತು.

"ಆಯಿ, ಸೋನ್ಯಾ ಮೋನ್ಯಾನ್ನ ಅಂಗಡ್ಯಾವಗ ಕೊಟ್ಟಬಿಡು... ಇಲ್ಲ, ಯಾರೂ ಬೈದಿಲ್ಲ. ಬೈದಿದ್ರ ಛಲೋ ಇತ್ತು. ಎರಡ ಸಲ ಪೌಡರ್ ಹಾಕ್ಯಾರ. ಲ್ಯಾಬಿನ್ಯಾಗ ಕೆಲಸ ಮಾಡಾಕಿಗೆ ವಾಸನಿ ತಿಳಿಯಂಗಿಲ್ಲೇನು? ಮಾಮಾಗ ಬ್ಯಾಡಾಗೈತಿ, ಬಾಯಿ ಬಿಟ್ಟ ಹೇಳಾಕ ಆಗವಲ್ದು, ಪಾಪ. ಈ ಮನ್ಯಾಗ ನನ್ನವು ಅಂತ ಏನೂ ಬರೂದು ಬ್ಯಾಡಾಗಿರಬೇಕು. ಇರ್ಲಿ ಬಿಡು."

ಮಾಯಪ್ಪ ಒಂದು ಕಾಲು ತೊಳೆದು ಇನ್ನೊಂದನ್ನು ಮರೆತು ನಿಂತ. ಅವಳು ಬೈದಿದ್ದರೆ ಅವನೂ ತಿರುಗಿ ಒಂದು ಮಾತು ಆಡುತ್ತಿದ್ದ. ಅವಳು "ಪಾಪ" ಎಂದಿದ್ದಳು. ಮನೆಗೆ ಬಂದು ಎರಡು ತಿಂಗಳಾದ ಹುಡುಗಿ ತನ್ನನ್ನು ಬೇಡವಾದವಳು ಎಂದುಕೊಂಡಿದ್ದಾಳೆ, ಅದಕ್ಕೆ ಕಾರಣ ತನ್ನ ಎರಡು ಬೆರಳು.

ಒದ್ದೆ ಕಾಲಿನಲ್ಲೇ ಒಳಗೆ ಹೋಗಿ, ಕಿಸೆಯಿಂದ ಪುಡಿಕೆ ತೆಗೆದು ಸೊಸೆಯ ಮುಂದೆ ಹಿಡಿದ.

"ಯವ್ವಾ, ಕಳ್ಳ ನಾನ."

"ಗೊತ್ತೈತ್ರಿ ಮಾಮಾ."

"ಮೀನ ಬ್ಯಾಡಂತ ಹಾಕಿಲ್ಲವ್ವಾ. ನೀ ಬ್ಯಾಡಂತ ಅಂತೂ ಅಲ್ಲವ ಅಲ್ಲ. ನೀರ ಕಂಡ್ರ ಈ ಕೈ ಸುಮ್ಮಕ ಇರಂಗಿಲ್ಲ. ನನ್ನ ಮದಿವ್ಯಾಗ ಮಾವನ ಮನಿ ಹಂಡೆಕ್ಕೂ ಹಾಕೇನಿ, ಬೇಕಾದ್ರ ನಿಮ್ಮ ಅತ್ತೀನ ಕೇಳು. ಇದನ್ನ ನೀನ ಇಟ್ಕೊ. ಮನಿಗೆ ಬಂದ ಕೂಡಲೆ ದಿನಾ ನನ್ನ ಕಿಸೆ ತಪಾಸ್ ಮಾಡು."

ಪ್ರಾಜಕ್ತಾ ಪುಡಿಕೆಯನ್ನೂ ಮಾವನನ್ನೂ ನೋಡಿದಳು. ಅಳು ಬರಬೇಕಾದ ಜಾಗದಲ್ಲಿ ಅವಳಿಗೆ ನಗು ಬಂತು, ನಗುವಿನ ಹಿಂದೆ ಅಳುವೂ ಬಂತು. ಎರಡನ್ನೂ ಸೆರಗಿನಿಂದ ಒರೆಸಿಕೊಂಡಳು.

"ಆದ್ರ ಪಂಚಮಿಗೆ ಹದಿನೈದ ದಿನ ಉಳದೈತ್ರಿ. ಹೊಸದಾಗಿ ಬೆಳಸಾಕ ತಿಂಗಳ ಬೇಕು. ಹೆಪ್ಪ ಸಿಕ್ರ ಅಷ್ಟ ಆಗ್ತೈತಿ. ಮೀನ ವರ್ಷಾನುಗಟ್ಟಲೆ ಬದಕಿದ ನೀರಿನ ತಳದ್ದು ಕಲ್ಲು, ಪಾಚಿ. ಪೌಡರ್ ತಾಗಿರಬಾರದ್ರಿ."

ಮಾಯಪ್ಪನ ಮುಖ ಸಣ್ಣದಾಯಿತು. ಊರಿನಲ್ಲಿ ಪೌಡರ್ ತಾಗದ ನೀರು! ಇಪ್ಪತ್ತೊಂಬತ್ತು ವರ್ಷದ ಶ್ರದ್ಧೆ ಈಗ ಅವನಿಗೇ ಅಡ್ಡ ಬಂದಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಕ್ಕುತಾಯಿ ತಿರುಗದೆಯೇ ಹೇಳಿದಳು.

"ಒಂದ ಜಾಗಾ ಐತೆಲ್ರಿ. ನಿಮ್ಮ ಕೈ ಹೋಗಲಾರದ್ದು."

ಯಾವ ಜಾಗ ಎಂದು ಕೇಳುವ ಅಗತ್ಯ ಮಾಯಪ್ಪನಿಗೆ ಇರಲಿಲ್ಲ.

ಆವಾಗಲೇ ಹೋದರೆ ಧೈರ್ಯ ಇರುತ್ತದೆ, ನಾಳೆಗೆ ಆರಿಹೋಗುತ್ತದೆ ಎಂದು ಸಣ್ಣ ತಂಬಿಗೆ ಹಿಡಿದು ಹೊರಟೇಬಿಟ್ಟ. ಭರಮು ಬಾಗಿಲಲ್ಲೇ ನಿಂತಿದ್ದ. ಹನ್ನೊಂದು ವರ್ಷದ ಮೇಲೆ ಮಾಯಪ್ಪ ಅವನಿಗೆ ಆಡಿದ ಮೊದಲ ಮಾತು ಹೀಗಿತ್ತು:

"ಭರಮು, ಹೆಪ್ಪ ಬೇಕಾಗಿತ್ತು. ಮೊಸರಿಂದು ಅಲ್ಲ, ಡೋಣ್ಯಾಂದು. ಮೀನಿನ ತೊಟ್ಟಿಗೆ."

ಭರಮು ಅವನನ್ನು ನೋಡಿದ, ತಂಬಿಗೆ ನೋಡಿದ, ಒಳಗೆ ದೇವರ ಮುಂದಿನ ದೀಪ ನೋಡಿದ. "ದೀಪಾ ಹಚ್ಚೈತಿ. ದೀಪಾ ಹಚ್ಚಿದ ಮ್ಯಾಲ ನಮ್ಮ ಮನ್ಯಾಗ ಹೆಪ್ಪ ಕೊಡಂಗಿಲ್ಲ."

"ಲೇ, ಡೋಣ್ಯಾಂದಲೇ!"

"ಯಾವ ಹೆಪ್ಪಾದ್ರೂ ಹೆಪ್ಪನ. ಮುಂಜಾನಿ ಬಾ." ಬಾಗಿಲು ಹಾಕಿಕೊಂಡ. ಹಾಕಿಕೊಂಡ ಬಾಗಿಲಿನ ಹಿಂದೆ ಅವನು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕದ್ದು ಮಾಯಪ್ಪನಿಗೆ ಕೇಳಿಸಲಿಲ್ಲ.

ಮುಂಜಾನೆ ಹೋದಾಗ ಭರಮು ಡೋಣಿಯ ಪಕ್ಕ ಮಂಚ ಹಾಕಿಕೊಂಡು, ತಲೆಗೆ ಪಟಕಾ ಸುತ್ತಿಕೊಂಡು ಪಂಚರ ಹಾಗೆ ಕೂತಿದ್ದ. ಮಾಯಪ್ಪ ನಿಂತೇ ಎಲ್ಲವನ್ನೂ ಹೇಳಿದ: ಸೊಸೆ, ಮೀನು, ಪಾತೇಲಿ, ಎರಡು ಸಲದ ಚಿಟಿಕೆ.

"ಅಂದ್ರ ನನ್ನ ಡೋಣ್ಯಾಗಿನ ನೀರ ಛಲೋ?" ಭರಮು ಕೇಳಿದ.

"ಮೀನಿಗೆ ಛಲೋ."

"ಎಮ್ಮಿಗೆ?"

ಮಾಯಪ್ಪ ಡೋಣಿಯ ಕಡೆ ನೋಡಿದ. "ಎಮ್ಮಿಗೂ ಛಲೋ. ತಪ್ಪ ಆತು ಭರಮು."

"ನನಗ್ಯಾಕ ಹೇಳ್ತಿ? ನನಗೇನ ಬುದ್ಧಿ ಇಲ್ಲ ಅಂದಿದ್ಯೇನು? ಯಾರಿಗೆ ಅಂದಿದ್ದಿ ಅವರಿಗೆ ಹೇಳು."

"ಎಮ್ಮಿಗೆ?"

"ಆ ಎಮ್ಮಿ ಸತ್ತ ನಾಕ ವರ್ಷ ಆತು. ಇದು ಅದರ ಮಗಳ. ಇದಕ್ಕ ಹೇಳು, ಮುಟ್ಟತೈತಿ."

ಮಾಯಪ್ಪ ಸುತ್ತ ನೋಡಿದ. ಬೇಲಿಯ ಆಚೆ ಮಾಳಸಿದ್ದ ನಿಂತಿದ್ದ. ಅವನಿಗೆ ಕಣ್ಣು ಮಂದವಾದರೂ ಕಿವಿ ಎರಡೂ ಚುರುಕಾಗಿದ್ದವು. ಸೊಸೆ ಫೋನಿನಲ್ಲಿ ಆಡಿದ "ಇರ್ಲಿ ಬಿಡು" ನೆನಪಾಯಿತು. ಮಾಯಪ್ಪ ಎಮ್ಮೆಯ ಮುಂದೆ ಹೋಗಿ ಟೊಪ್ಪಿಗೆ ತೆಗೆದ.

"ನಿಮ್ಮ ಅವ್ವಗ ಬುದ್ಧಿ ಇಲ್ಲ ಅಂದಿದ್ನಿ. ಬುದ್ಧಿ ಇಲ್ಲದಾವ ನಾನ. ಹೊಟ್ಯಾಗ ಹಾಕ್ಕೋ," ಎಂದು ಕೊರಳು ನೇವರಿಸಲು ಕೈ ಚಾಚಿದ. ಎಮ್ಮೆ ಕೈ ಮೂಸಿತು. ಬುಸ್ ಎಂದು ಉಸಿರು ಬಿಟ್ಟು ಹಗ್ಗ ಹರಿಯುವ ಹಾಗೆ ಹಿಂದೆ ಸರಿಯಿತು.

"ನೋಡಲೇ, ಇನ್ನೂ ನೆನಪ ಐತಿ ಅದಕ್ಕ!"

"ಆವಾಗ ಇದು ಹುಟ್ಟೇ ಇರಲಿಲ್ಲಲೇ!"

ಭರಮುವಿಗೆ ಇನ್ನು ತಡೆಯಲಾಗಲಿಲ್ಲ. ಪಟಕಾ ಬಿಚ್ಚಿ ಹೋಗುವ ಹಾಗೆ ನಕ್ಕ. ಅವನು ನಕ್ಕದ್ದು ನೋಡಿ ಮಾಯಪ್ಪನೂ ನಕ್ಕ. ಇಬ್ಬರೂ ಮಂಚದ ಮೇಲೆ ಕೂತು ಸುಸ್ತಾಗುವವರೆಗೆ ನಕ್ಕರು. ಹನ್ನೊಂದು ವರ್ಷ ಇಷ್ಟಕ್ಕೇ ಹಾಳಾಯಿತಲ್ಲ ಎಂದು ಇಬ್ಬರಿಗೂ ಒಳಗೊಳಗೆ ಕೆಡುಕೆನಿಸಿತು.

ಆದರೆ ಎಮ್ಮೆ ಒಂದು ಮುಖ್ಯ ವಿಷಯ ತಿಳಿಸಿತ್ತು. ಎಮ್ಮೆ ಓಡಿಹೋಗುವ ಕೈಯಲ್ಲಿ ಜಂತು ಬದುಕುತ್ತದೆಯೇ? ಹಾಗಾಗಿ ಹೆಪ್ಪನ್ನು ಭರಮುವೇ ಹೊತ್ತು ತಂದ. ಡೋಣಿಯ ತಳದಿಂದ ಅಂಗೈ ಅಗಲದ ನಾಲ್ಕು ಕಲ್ಲು, ಅದೇ ಡೋಣಿಯ ನೀರು ತುಂಬಿದ ಪರಾತದಲ್ಲಿ, ಮೇಲೆ ಒದ್ದೆ ಅರಿವೆ ಮುಚ್ಚಿಕೊಂಡು. ಅವನ ಮುಂದೆ ಮಾಯಪ್ಪ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, "ಸರೀರಿ, ಸರೀರಿ" ಎಂದು ಓಣಿಯಲ್ಲಿ ದಾರಿ ಬಿಡಿಸುತ್ತ ನಡೆದ. ಪರಾತದಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಇಬ್ಬರು ಹೆಂಗಸರು ಕೈ ಮುಗಿದರು.

ಹೊಸ ನೀರು, ಹಳೆಯ ಕಲ್ಲು. ಪ್ರಾಜಕ್ತಾ ಕಲ್ಲುಗಳನ್ನು ಮೋಟಾರಿನ ಪಕ್ಕ ಇಟ್ಟು ಒಂದು ಚಿಟಿಕೆ ತಿನಿಸು ಉದುರಿಸಿದಳು. ಸಂಜೆ ಲ್ಯಾಬಿನಿಂದ ಬರುವಾಗ ಒಂದು ಡಬ್ಬಿ ರಬ್ಬರ್ ಕೈಗವಸು ತಂದು ಮಾಯಪ್ಪನಿಗೆ ಕೊಟ್ಟಳು.

"ಪೌಡರ್ ಕಲಸುವಾಗ ಹಾಕ್ಕೋರಿ ಮಾಮಾ."

"ಹೌದವ್ವಾ, ಮೀನಿಗೆ ವಾಸನಿ ಹತ್ತಬಾರದು."

"ಮೀನಿನ ಸಲುವಾಗಿ ಅಲ್ರಿ. ನಿಮ್ಮ ಕೈ ಎಷ್ಟ ಸೀಳ್ಯಾವ ನೋಡಿರೇನು?"

ಮಾಯಪ್ಪ ನೋಡಿಕೊಂಡ. ನಿಜವೇ, ಬೆರಳ ಸಂದಿಯೆಲ್ಲ ಬಿರಿದಿತ್ತು. ನೀರು ನೋಡುವ ಗಡಿಬಿಡಿಯಲ್ಲಿ ಕೈ ನೋಡಿಕೊಂಡೇ ಇರಲಿಲ್ಲ. ಅವನಿಗೆ ತುಂಬಾ ಖುಷಿಯಾಯಿತು. ಆ ರಾತ್ರಿ ಕೈಗವಸು ಹಾಕಿಕೊಂಡೇ ಊಟಕ್ಕೆ ಕೂತು ಅಕ್ಕುತಾಯಿಯಿಂದ ಬೈಸಿಕೊಂಡ.

ಐದನೆಯ ದಿನ ಎರಡನೆಯ ನಳಿಗೆ ನೇರಳೆ ಬಣ್ಣಕ್ಕೆ ತಿರುಗಿತು. "ಬಂತ್ರಿ ಮಾಮಾ, ಎರಡನೇ ವಿಷ ಬಂತು! ಮೊದಲನೇ ಜಂತು ಉಣ್ಣಾಕತ್ತಾವ!" ಎಂದು ಪ್ರಾಜಕ್ತಾ ಕುಣಿದಳು. "ವಿಷ ಬಂತು! ವಿಷ ಬಂತು!" ಎಂದು ಮಾಯಪ್ಪ ಹೊರಗೆ ಓಡಿ ಭರಮುವಿಗೆ ಕೂಗಿ ಹೇಳಿದ. ಅಕ್ಕುತಾಯಿ ಸಕ್ಕರೆ ಹಂಚಿದಳು. ವಿಷ ಬಂದದ್ದಕ್ಕೆ ಸಕ್ಕರೆ ತಿನ್ನುವ ಮನೆಯನ್ನು ಮಾಳಸಿದ್ದ ಆವತ್ತೇ ಮೊದಲ ಸಲ ಕಂಡದ್ದು.

ಪಂಚಮಿಗೆ ಎರಡು ದಿನವಿದ್ದಾಗ ಪ್ರಾಜಕ್ತಾ ತವರಿಗೆ ಹೊರಟಳು. ಎರಡನೆಯ ವಿಷ ಇಳಿಯತೊಡಗಿತ್ತು, ಪೂರ್ತಿ ಇಳಿದಿರಲಿಲ್ಲ. ನಾಲ್ಕು ದಿನದ ಮೇಲೆ ಮೀನು ತಗೊಂಡು ಬರುವೆನೆಂದಳು.

"ನಿಮ್ಮ ಮ್ಯಾಲ ಬಿಟ್ಟ ಹೊಂಟೇನ್ರಿ ಮಾಮಾ. ದಿನಾ ಒಂದ ಚಿಟಿಕಿ ತಿನಿಸು, ಮತ್ತೇನೂ ಮಾಡಬ್ಯಾಡ್ರಿ."

ಚಿಟಿಕೆ ಹಾಕುವುದರಲ್ಲಿ ಮಾಯಪ್ಪನನ್ನು ಮೀರಿಸಿದವರಿಲ್ಲ. ಎರಡು ದಿನ ಎಲ್ಲ ಸರಿಯಾಗಿತ್ತು. ಆದರೆ ಪಂಚಮಿಯ ದಿನ ಮಧ್ಯಾಹ್ನ ಅವನು ಟಾಕಿಯಿಂದ ಬರುವಷ್ಟರಲ್ಲಿ ತೊಟ್ಟಿ ಹಾಲಿನಂತೆ ಬೆಳ್ಳಗಾಗಿತ್ತು.

"ಏನ ಹಾಕಿದಿ?"

"ಒಂದ ಉಂಡಿ," ಅಕ್ಕುತಾಯಿ ಮೆಲ್ಲಗೆ ಹೇಳಿದಳು. "ಹಬ್ಬದ ದಿನಾನೂ ಅವಕ್ಕ ಅದ ತಿನಿಸ ಏನ್ರಿ? ಮನ್ಯಾಗಿನವು ಅಲ್ಲೇನು ಅವೂ? ಪುಡಿ ಮಾಡಿ ಹಾಕೇನಿ."

ಮಾಯಪ್ಪ ಸೊಸೆಗೆ ಫೋನ್ ಮಾಡಿದ. ಆ ಕಡೆಯಿಂದ ನಗು ಕೇಳಿಸಿತು. "ಬೆಳದಿದ್ರ ಅದನ್ನೂ ತಿಂದ ಮುಗಸ್ತಾವ್ರಿ. ಬೆಳದಿರಲಿಲ್ಲಂದ್ರ..." ಎಂದು ನಿಲ್ಲಿಸಿದಳು. "ಏನೂ ಮಾಡಬ್ಯಾಡ್ರಿ ಮಾಮಾ. ಸುಮ್ಮಕ ಕೂಡ್ರಿ."

ಸುಮ್ಮನೆ ಕೂಡುವುದು! ಅದಕ್ಕಿಂತ ಟಾಕಿಯ ಏಣಿಯನ್ನು ತಲೆಕೆಳಗಾಗಿ ಹತ್ತು ಎಂದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವನ ಪುಡಿಕೆ ಸೊಸೆಯ ಟ್ರಂಕಿನಲ್ಲಿ ಭದ್ರವಾಗಿತ್ತು, ನಿಜ. ಆದರೆ ಪಂಚಾಯತಿಯ ಪೌಡರಿನ ಇಡೀ ಚೀಲದ ಕೀಲಿ ಅವನ ಉಡಿದಾರದಲ್ಲೇ ಇತ್ತು. ಕೀಲಿ ಬಿಚ್ಚಿ ಭರಮುವಿಗೆ ಕೊಟ್ಟ. ಭರಮು ಅದನ್ನು ತನ್ನ ಎಮ್ಮೆಯ ಕೊರಳಿಗೆ ಕಟ್ಟಿದ.

"ಮುಂಜಾನಿ ಟಾಕಿಗೆ ಹೋಗೂ ಮುಂದ ಬಂದ ಅದರ ಕಡೆಯಿಂದ ಕೇಳಿ ಇಸ್ಕೋ."

ಆಮೇಲೆ ಇಬ್ಬರೂ ತೊಟ್ಟಿಯ ಮುಂದೆ ಕೂತರು. ಮಾಯಪ್ಪನ ಬಲಗೈ ಏಳತೊಡಗಿದಾಗಲೆಲ್ಲ ಭರಮು ಅದಕ್ಕೆ ಒಂದು ಉಂಡಿ ಕೊಡುತ್ತಿದ್ದ. ಸಂಜೆಯವರೆಗೆ ಮಾಯಪ್ಪ ಒಂಬತ್ತು ಉಂಡಿ ತಿಂದ. ನೀರು ಹಾಗೆಯೇ ಇತ್ತು. ಮರುದಿನ ಬೆಳಿಗ್ಗೆ ಅಂಚಿನಲ್ಲಿ ತುಸು ತಿಳಿಯಾದಂತೆ ಕಂಡಿತು. ಮಧ್ಯಾಹ್ನ ಉಸುಕು ಕಂಡಿತು. ಸಂಜೆ ಗಾಜಿನ ಆಚೆ ಕ್ಯಾಲೆಂಡರಿನ ತಾರೀಖು ಕಂಡಿತು.

ಮಾಯಪ್ಪ ಎದ್ದು ಹತ್ತಿರ ಹೋದ. ಮೂಸಿದ. ಪೌಡರಿನ ವಾಸನೆ ಇಲ್ಲ. ಯಾರೂ ಏನೂ ಹಾಕಿಲ್ಲ. ಇಡೀ ಒಂದು ಉಂಡಿಯನ್ನು ಕಣ್ಣಿಗೆ ಕಾಣದವರು ಯಾರೋ ಸದ್ದಿಲ್ಲದೆ ಉಂಡು, ಪಾತ್ರೆ ತೊಳೆದಿಟ್ಟು ಹೋಗಿದ್ದರು. ಇಪ್ಪತ್ತೊಂಬತ್ತು ವರ್ಷದಲ್ಲಿ ನೀರು ತಾನಾಗಿ ತಿಳಿಯಾದದ್ದನ್ನು ಅವನು ನೋಡಿದ್ದು ಇದೇ ಮೊದಲು.

"ಭರಮು, ಇವೂ ನನ್ನ ಕೆಲಸಾನ ಮಾಡಾಕತ್ತಾವಲೇ," ಎಂದ.

"ಪಗಾರ ಇಲ್ಲದ," ಎಂದ ಭರಮು.

ಮರುದಿನ ವಿಕ್ರಾಂತನ ಬಸ್ಸಿನಿಂದ ಪ್ರಾಜಕ್ತಾ ಇಳಿದಳು, ತೊಡೆಯ ಮೇಲೆ ಇಟ್ಟುಕೊಂಡು ತಂದ ಮುಚ್ಚಳದ ಬಕೆಟ್ಟಿನೊಂದಿಗೆ. ಬಂದವಳು ಮೊದಲು ನಳಿಗೆ ತೆಗೆದಳು. ಮೊದಲನೆಯದು ಹಳದಿ, ವಿಷ ಇಲ್ಲ. ಎರಡನೆಯದು ತಿಳಿನೀಲಿ, ವಿಷ ಇಲ್ಲ. ಮೂರನೆಯದು ಕೇಸರಿ, ಎಲ್ಲರೂ ಉಂಡು ತೃಪ್ತರಾದ ಗುರುತು. ಮೂರೂ ನಳಿಗೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಅವಳು ಮತ್ತೊಮ್ಮೆ ನೋಡಿದಳು. ಆಮೇಲೆ ಬಾಗಿ ಮಾವನ ಕಾಲು ಮುಟ್ಟಿದಳು.

"ಏಳವ್ವಾ, ಏಳು. ನಾ ಏನೂ ಮಾಡಿಲ್ಲ."

"ಅದಕ್ಕರೀ ಮಾಮಾ."

ಅರ್ಧದಷ್ಟು ನೀರು ಬದಲಿಸಿ, ತಾಸು ಹೊತ್ತು ಕಾದು, ಸೋನ್ಯಾ ಮೋನ್ಯಾ ಇಬ್ಬರನ್ನೂ ತೊಟ್ಟಿಗೆ ಬಿಟ್ಟರು. ಅವು ಒಂದು ಸುತ್ತು ಹಾಕಿ, ಭರಮುವಿನ ಡೋಣಿಯ ಕಲ್ಲಿಗೆ ಬಾಯಿ ಹಚ್ಚಿ ಪಾಚಿ ಕಿತ್ತವು. ಓಣಿಯೆಲ್ಲ ಸೇರಿತ್ತು. ಮಾಳಸಿದ್ದ ಮುಂದೆ ಬಂದು, ಗಾಜಿಗೆ ಮೂಗು ಹಚ್ಚಿ, ಅಂಗೈ ಅಗಲದ ಕೇಸರಿ ಮೀನುಗಳನ್ನು ಕಂಡ.

"ಅಯ್ಯ, ಮೊದಲ ಭಾಳ ಇದ್ವಲ್ಲ," ಎಂದ ಮರುಕದಿಂದ. "ಈಗ ಎರಡ ಉಳದಾವೇನು?"

ಎಲ್ಲರ ಕಣ್ಣು ಸೋನ್ಯಾಳ ಮೇಲಿತ್ತು. ಅವಳ ಬಾಲದ ಕೆಳಗಿನಿಂದ ಕಂದು ದಾರದಂಥದ್ದೊಂದು ಮೆಲ್ಲಗೆ ಇಳಿದು, ತೇಲಿ, ಉಸುಕಿನ ಮೇಲೆ ಕೂತಿತು. ಅಷ್ಟು ತಿಳಿ ನೀರಿನಲ್ಲಿ, ಅಷ್ಟು ಜನರ ಮುಂದೆ. ಅಕ್ಕುತಾಯಿ ಗಂಡನ ಕೈಯನ್ನೇ ನೋಡಿದಳು, ಭರಮು ಜೇಬಿನಲ್ಲಿ ಉಂಡಿ ತಡಕಿದ, ಪ್ರಾಜಕ್ತಾ ಉಸಿರು ಬಿಗಿ ಹಿಡಿದಳು.

ಮಾಯಪ್ಪನ ಕೈ ಮೇಲೆದ್ದಿತು. ಕಿಸೆಯ ಹತ್ತಿರ ಹೋಯಿತು, ಕಿಸೆಯನ್ನು ದಾಟಿ ತಲೆಗೆ ಹೋಗಿ ಟೊಪ್ಪಿಗೆ ಸರಿ ಮಾಡಿತು. ಅವನು ತೊಟ್ಟಿಯ ಮುಂದೆ ಬಾಗಿ, ಮೀನುಗಳಿಗಲ್ಲ, ನೀರಿನಲ್ಲಿ ಕಾಣದಿದ್ದ ಉಳಿದವರಿಗೆ, ಬೀಗರನ್ನು ಕರೆಯುವ ಮರ್ಯಾದೆಯಿಂದ ಹೇಳಿದ:

"ಬಡಸೈತಿ, ಊಟಕ್ಕ ಏಳ್ರಿ."